ಅಲೀಪುರದ ಗೆಳೆಯನಿಗೆ ಕಳಿಸಿದ ಒಂದು ಶುಭಾಶಯ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಇವತ್ತು ಹಬ್ಬದ ಶುಭಾಶಯಗಳ ಬಗ್ಗೆ ಮಾತಾಡಬೇಕು. ಎರಡು ಸಾಲಿನ ಮೆಸೇಜು, ಜೊತೆಗೊಂದು ಚಿತ್ರ, ಅದರ ಬಗ್ಗೆ ಇಷ್ಟು ಮಾತಾಡೋದೇನಿದೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಅವತ್ತು ಮೊಹರಂ ರಜೆ. ಬೆಳಿಗ್ಗೆ ಎದ್ದು ಫೋನಿನಲ್ಲಿ ಒಂದು ಚಿತ್ರ ಹುಡುಕಿದೆ. ಹಸಿರು ಬಣ್ಣ, ಚಂದ್ರ, ನಕ್ಷತ್ರ, ಕೆಳಗೆ 'ಹ್ಯಾಪಿ ಮೊಹರಂ'. ಪರಿಚಯದ ಮುಸ್ಲಿಂ ಗೆಳೆಯರಿಗೆಲ್ಲ ಕಳಿಸಿದೆ. ಕೆಲವರು ಥ್ಯಾಂಕ್ಸ್ ಅಂದರು. ಒಬ್ಬನಿಂದ ಮಾತ್ರ ಉತ್ತರವೇ ಇಲ್ಲ. ಅವನು ನನಗೆ ಕಾಲೇಜಿನಿಂದ ಗೆಳೆಯ. ಅವನ ಮನೆಯವರು ಶಿಯಾ ಮುಸ್ಲಿಮರು, ತಾಯಿಯ ಊರು ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಶಿಯಾ ಜನರೇ ಜಾಸ್ತಿ ಇರುವ ಊರು ಅದು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಶಿಯಾ ಮನೆಯಲ್ಲಿ ಮೊಹರಂ ಅಂದರೆ ಏನು ಅಂತ ಒಂದು ದಿನವೂ ಕೇಳಿರಲಿಲ್ಲ.

ಮೂರನೇ ದಿನ ಅವನೇ ಫೋನ್ ಮಾಡಿದ. ಸಿಟ್ಟಿರಲಿಲ್ಲ. "ನೀನು ಪ್ರೀತಿಯಿಂದಲೇ ಕಳಿಸಿದ್ದೀಯ ಅಂತ ಗೊತ್ತು. ಆದರೆ ಅವತ್ತು ನಮ್ಮನೇಲಿ ಎಲ್ಲರೂ ಕಪ್ಪು ಬಟ್ಟೆ ಹಾಕಿಕೊಂಡು ಅಳ್ತಾ ಕೂತಿದ್ವಿ. ಅಮ್ಮ ನನ್ನ ಪಕ್ಕದಲ್ಲೇ ಇದ್ದರು. ಆಗ ನಿನ್ನ ಮೆಸೇಜು ಬಂತು" ಅಂದ.

ಆಮೇಲೆ ಅವನು ಬಿಡಿಸಿ ಹೇಳಿದ. ಮೊಹರಂ ಅನ್ನುವುದು ಒಂದು ತಿಂಗಳ ಹೆಸರು, ಇಸ್ಲಾಮಿನ ಹಿಜರಿ ವರ್ಷದ ಮೊದಲ ತಿಂಗಳು. ಅದರ ಹತ್ತನೇ ದಿನ, 680ನೇ ಇಸವಿಯಲ್ಲಿ, ಈಗಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರನ್ನು ಕೊಂದರು. ಜೊತೆಗಿದ್ದವರು ಬೆರಳೆಣಿಕೆಯ ಜನ. ನದಿ ಹತ್ತಿರದಲ್ಲೇ ಹರಿಯುತ್ತಿತ್ತು. ಆದರೆ ಅವರಿಗೆ, ಅವರ ಮಕ್ಕಳಿಗೆ ನೀರು ಸಿಗದಂತೆ ಮಾಡಿದ್ದರು. ಆ ದುಃಖವನ್ನು ಶಿಯಾ ಜನ ಇವತ್ತಿಗೂ ತಮ್ಮ ಮನೆಯ ಸಾವಿನ ಹಾಗೆ ನೆನೆಯುತ್ತಾರೆ. ಅವನ ಮನೆಯಲ್ಲಿ ಮೊಹರಂ ಚಂದ್ರ ಕಂಡ ಮೇಲೆ ಎರಡು ತಿಂಗಳು ಎಂಟು ದಿನ ಮದುವೆ ಇಲ್ಲ, ಹೊಸ ಬಟ್ಟೆ ಇಲ್ಲ. "ಸಾವಿನ ಮನೆಗೆ ಹೋಗಿ ಯಾರಾದರೂ ಹ್ಯಾಪಿ ಅಂತಾರಾ?" ಅಂತ ಕೇಳಿದ. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಯಾಕೆ ಕಾಡಿತು ಅಂದರೆ, ನನ್ನ ಊರಿನ ಮೊಹರಂ ಬೇರೆ. ನಾನು ಕೊಪ್ಪಳದ ಕಡೆಯ ಹಳ್ಳಿಯಲ್ಲಿ ಬೆಳೆದೆ. ನಮ್ಮಲ್ಲಿ ಅದು ಅಲಾಯಿ ದೇವರ ಹಬ್ಬ. ಕೊಪ್ಪಳ, ರಾಯಚೂರು, ಗದಗ, ಧಾರವಾಡದ ಕಡೆಯವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಮಸೀದಿ ಮುಂದೆ ಕುಣಿ ತೋಡುತ್ತಾರೆ. ಬಣ್ಣದ ಬಟ್ಟೆ ಉಡಿಸಿದ ಪಂಜಾಗಳನ್ನು, ಅಂದರೆ ಕೈಯ ಆಕಾರದ ಲಾಂಛನಗಳನ್ನು, ಕೂರಿಸುತ್ತಾರೆ. ಹತ್ತನೇ ದಿನದ ಹಿಂದಿನ ರಾತ್ರಿ ಖತಲ್ ರಾತ್ರಿ, ಅವತ್ತು ಊರಿಗೆ ಊರೇ ಎದ್ದಿರುತ್ತದೆ. ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಹುಲಿವೇಷ ಹಾಕುತ್ತಾರೆ, ಹರಕೆ ಹೊತ್ತ ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ. ಮನೆಮನೆಯಲ್ಲಿ ಚೊಂಗೆ ಅನ್ನುವ ಸಿಹಿ ಮಾಡುತ್ತಾರೆ. ಮುದಗಲ್ಲಿನ ಮೊಹರಂ ನೋಡಲು ದೂರದೂರದ ಜನ ಬರುತ್ತಾರೆ. ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತವೆ. ಹರಕೆಯಿಂದ ಹುಟ್ಟಿದ ಹಿಂದೂ ಮಕ್ಕಳಿಗೆ ಹುಸೇನಪ್ಪ, ಫಕೀರಪ್ಪ, ಹುಸೇನಮ್ಮ ಅಂತ ಹೆಸರಿಡುವುದು ನಮ್ಮ ಕಡೆ ಮಾಮೂಲು.

ನಮ್ಮ ಅಜ್ಜಿ ನನ್ನ ಕೈಗೆ ಕೆಂಪು ದಾರ ಕಟ್ಟುತ್ತಿದ್ದರು. ಕೊನೆಯ ದಿನ "ದೇವರು ಹೊಳಿಗಿ ಹೊಂಟಾವು, ಕೈ ಮುಗಿ" ಅನ್ನುತ್ತಿದ್ದರು. ನನಗೆ ಮೊಹರಂ ಅಂದರೆ ಆ ದಾರ, ಹಲಗೆಯ ಸದ್ದು, ಬೆಲ್ಲದ ಚೊಂಗೆ. ಹಿರಿಯರು ಕೂತು ಮೊಹರಂ ಹಾಡು, ಅಂದರೆ ರಿವಾಯತ್ ಪದ ಹಾಡುತ್ತಿದ್ದರು. ಒಬ್ಬರು ಎತ್ತಿ ಹಾಡಿದರೆ ಉಳಿದವರು ದನಿಗೂಡಿಸುತ್ತಿದ್ದರು. ರಾಗ ಎಷ್ಟು ಚೆನ್ನಾಗಿರುತ್ತಿತ್ತೆಂದರೆ, ಪದದೊಳಗೆ ಏನಿದೆ ಅಂತ ನಾನು ಕೇಳಿಸಿಕೊಂಡೇ ಇರಲಿಲ್ಲ.

ಈಗ ಹೇಳಿ, ನನ್ನ ಅಜ್ಜಿಯ ಮೊಹರಂ ಸುಳ್ಳಾ? ನನಗೆ ಹಾಗನ್ನಿಸುವುದಿಲ್ಲ. ಅಲಾಯಿ ಕೂರಿಸುವುದು ಧರ್ಮಕ್ಕೆ ಸರಿಯಲ್ಲ ಅನ್ನುವ ಮುಸ್ಲಿಮರೂ ಇದ್ದಾರೆ, ಅದು ಅವರ ನಂಬಿಕೆ. ಅದೇ ಸಮಯಕ್ಕೆ ಎರಡು ದಿನ ಉಪವಾಸ ಇರುವ ಸುನ್ನಿ ಮನೆಗಳೂ ಇವೆ. ಒಂದೇ ದಿನ, ಒಂದೇ ಹೆಸರು. ಒಂದು ಮನೆಯಲ್ಲಿ ಉಪವಾಸ, ಇನ್ನೊಂದರಲ್ಲಿ ಅಳು, ನಮ್ಮ ಹಳ್ಳಿಯಲ್ಲಿ ಹೆಜ್ಜೆ ಕುಣಿತ. ಹಾಗಿರುವಾಗ 'ಮುಸ್ಲಿಮರಿಗೆ ಮೊಹರಂ ಶುಭಾಶಯ' ಅಂತ ಎಲ್ಲರಿಗೂ ಒಂದೇ ಚಿತ್ರ ಕಳಿಸಿದರೆ, ನಾನು ಯಾರಿಗೆ ಕಳಿಸಿದ ಹಾಗಾಯಿತು? ಗೆಳೆಯನಿಗಲ್ಲ. ನನ್ನ ತಲೆಯಲ್ಲಿದ್ದ 'ಮುಸ್ಲಿಂ' ಅನ್ನುವ ಪದಕ್ಕೆ ಕಳಿಸಿದೆ, ಅಷ್ಟೇ. ನನಗೆ ನೋವಾಗಿದ್ದು ಇದಕ್ಕೇ.

ಇದು ಮೊಹರಂ ಒಂದರ ಕಥೆಯಲ್ಲ. ಗುಡ್ ಫ್ರೈಡೆ ನೋಡಿ. ಯೇಸುವನ್ನು ಶಿಲುಬೆಗೆ ಹಾಕಿದ ದಿನ. ಕ್ರೈಸ್ತರು ಅವತ್ತು ಉಪವಾಸ ಮಾಡಿ ಪ್ರಾರ್ಥನೆಯಲ್ಲಿರುತ್ತಾರೆ. ಕನ್ನಡದಲ್ಲಿ ನಾವು ಅದನ್ನು ಶುಭ ಶುಕ್ರವಾರ ಅಂದುಬಿಟ್ಟಿದ್ದೇವೆ. ಹೆಸರಲ್ಲೇ ಶುಭ ಇದೆಯಲ್ಲ ಅಂತ ಶುಭಾಶಯವನ್ನೂ ಕಳಿಸುತ್ತೇವೆ. ಎರಡು ದಿನ ತಡೆದರೆ ಈಸ್ಟರ್ ಬರುತ್ತದೆ. ಅವರ ಸಂತೋಷದ ದಿನ ಅದು. ಹಾಗೇ ನಮ್ಮ ದಿಗಂಬರ ಜೈನ ಗೆಳೆಯರು ದಶಲಕ್ಷಣ ಪರ್ವ ಮುಗಿದ ಮೇಲೆ 'ಉತ್ತಮ ಕ್ಷಮಾ' ಅಂತ ಕಳಿಸುತ್ತಾರೆ. ತಿಳಿದೋ ತಿಳಿಯದೆಯೋ ನೋವು ಮಾಡಿದ್ದರೆ ಕ್ಷಮಿಸು ಅಂತ ಅದರ ಅರ್ಥ. ಅದಕ್ಕೆ 'ನಿಮಗೂ ಹಬ್ಬದ ಶುಭಾಶಯಗಳು' ಅಂತ ಉತ್ತರ ಕೊಡುವುದು ಸರಿಯಾಗುತ್ತಾ? ಕ್ಷಮೆ ಕೇಳಿದವರಿಗೆ ನಾವೂ ಕ್ಷಮೆ ಕೇಳಬೇಕು ಅಲ್ವಾ?

ಇನ್ನೊಂದು ವಿಷಯ ಇದೆ. ನನಗೆ ಅದು ಇದಕ್ಕಿಂತ ದೊಡ್ಡದು. ಶುಭಾಶಯವನ್ನೋ ಪ್ರಸಾದವನ್ನೋ ಬೇಡ ಅನ್ನುವವರ ವಿಷಯ.

ಬೆಂಗಳೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಆಫೀಸಿನಲ್ಲಿ ಪ್ರತಿ ವರ್ಷ ಆಯುಧಪೂಜೆ ಜೋರಾಗಿ ನಡೆಯುತ್ತಿತ್ತು. ಒಬ್ಬ ಕ್ರೈಸ್ತ ಸಹೋದ್ಯೋಗಿ ಇದ್ದರು. ಹಿಂದಿನ ದಿನ ಎಲ್ಲರ ಜೊತೆ ನಿಂತು ಕಂಪ್ಯೂಟರು ಒರೆಸಿದ್ದರು, ಬಾಗಿಲಿಗೆ ಮಾವಿನ ಎಲೆ ಕಟ್ಟಿದ್ದರು. ಪೂಜೆಯ ಹೊತ್ತಿಗೆ ಹಿಂದೆ ಸುಮ್ಮನೆ ನಿಂತಿದ್ದರು. ಕಡ್ಲೆಪುರಿ, ಸ್ವೀಟು ಹಂಚಿದಾಗ "ಬೇಡ, ತಪ್ಪು ತಿಳ್ಕೋಬೇಡಿ" ಅಂದರು. ನಾನು ಬಿಡಲಿಲ್ಲ. "ಅಯ್ಯೋ ಮೇಡಂ, ಬರೀ ಸ್ವೀಟು, ತಗೊಳ್ಳಿ. ದೇವರೆಲ್ಲ ಒಂದೇ ಅಲ್ವಾ" ಅಂದೆ. ಅವರ ಮುಖ ಸಣ್ಣದಾಯಿತು. ಎಲ್ಲರೂ ನೋಡುತ್ತಿದ್ದರು. ಅವರು ತಗೊಂಡು, ಮೇಜಿನ ಮೇಲೆ ಹಾಗೇ ಇಟ್ಟುಬಿಟ್ಟರು.

ಇವತ್ತು ಯೋಚಿಸಿದರೆ ನನ್ನ ಮಾತಿನ ತಪ್ಪು ಕಾಣುತ್ತದೆ. ನನಗೆ ಅದು ಬರೀ ಸ್ವೀಟಾಗಿತ್ತಾ? ಇಲ್ಲ, ಪ್ರಸಾದ. ಒಂದು ಚೂರು ಕೆಳಗೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಅದರಲ್ಲಿ ದೇವರಿದ್ದಾನೆ ಅಂತ ನಾನು ನಂಬುತ್ತೇನೆ. ಅವರೂ ಅದನ್ನು ಪ್ರಸಾದ ಅಂತಲೇ ಗಂಭೀರವಾಗಿ ನೋಡಿದರು, ಅದಕ್ಕೇ ಬೇಡ ಅಂದರು. ಬೇರೆ ಪೂಜೆಗೆ ಇಟ್ಟಿದ್ದನ್ನು ತಿನ್ನಬಾರದು ಅನ್ನುವುದು ಅವರ ನಂಬಿಕೆ. ಅವರನ್ನು ಒಪ್ಪಿಸಲು ನನ್ನ ಪ್ರಸಾದವನ್ನು 'ಬರೀ ಸ್ವೀಟು' ಮಾಡಿದ್ದು ನಾನು. ನಿಜವಾಗಿ ನೋಡಿದರೆ ಆ ಪ್ರಸಾದಕ್ಕೆ ಹೆಚ್ಚು ಮರ್ಯಾದೆ ಕೊಟ್ಟವರು ಅವರು.

ಈ ಮಾತು ಬಂದಾಗಲೆಲ್ಲ ನನಗೆ ಕೇರಳದ ಮೂವರು ಮಕ್ಕಳು ನೆನಪಾಗುತ್ತಾರೆ. 1985ರಲ್ಲಿ ನಡೆದದ್ದು. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದ ಮಕ್ಕಳು. ಆ ಪಂಗಡದವರು ಕ್ರಿಸ್‌ಮಸ್ ಕೂಡ ಆಚರಿಸುವುದಿಲ್ಲ, ಹುಟ್ಟುಹಬ್ಬವನ್ನೂ ಮಾಡುವುದಿಲ್ಲ. ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಈ ಮಕ್ಕಳು ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅದಕ್ಕೆ ಶಾಲೆಯಿಂದ ಹೊರಗೆ ಹಾಕಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ನಮ್ಮ ಸಂಪ್ರದಾಯ ಸಹನೆಯನ್ನು ಕಲಿಸುತ್ತದೆ, ನಮ್ಮ ಸಂವಿಧಾನ ಅದನ್ನು ನಡೆಸಿ ತೋರಿಸುತ್ತದೆ, ಅದನ್ನು ತೆಳು ಮಾಡಬೇಡಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಎದ್ದು ನಿಂತರು, ಹಾಡಲಿಲ್ಲ. ಹಿಂದೆ ನಿಂತರು, ಪ್ರಸಾದ ತಗೊಳ್ಳಲಿಲ್ಲ. ನನಗೆ ಎರಡೂ ಒಂದೇ ಥರ ಕಾಣುತ್ತದೆ. ನಿಂತಿದ್ದು ನಮಗೋಸ್ಕರ. ಉಳಿದದ್ದು ಅವರ ದೇವರಿಗೋಸ್ಕರ.

ಈಗ ಅಪಾರ್ಟ್‌ಮೆಂಟಿನ ಗ್ರೂಪುಗಳಲ್ಲಿ ಒಂದು ಹೊಸ ಅಭ್ಯಾಸ ಶುರುವಾಗಿದೆ. ಅದು ನನಗೆ ಭಯ ಹುಟ್ಟಿಸುತ್ತದೆ. ಯಾರು ಯುಗಾದಿಗೆ ವಿಶ್ ಮಾಡಲಿಲ್ಲ, ಯಾರು ದೀಪಾವಳಿಗೆ ಸುಮ್ಮನಿದ್ದರು ಅಂತ ಲೆಕ್ಕ ಇಡುವುದು. ರಂಜಾನ್‌ಗೆ ಹಾಕಿದವನು ಗಣೇಶನ ಹಬ್ಬಕ್ಕೆ ಯಾಕೆ ಹಾಕಲಿಲ್ಲ ಅಂತ ಕೇಳುವುದು. ದಯವಿಟ್ಟು ಇದು ಬೇಡ. ಗ್ರೂಪಿನಲ್ಲಿ ಒಂದು ಸಾಲು ಹಾಕದವರು ನಿಮ್ಮ ಮಗುವಿಗೆ ಜ್ವರ ಬಂದಾಗ ಮಧ್ಯರಾತ್ರಿ ಕಾರು ತೆಗೆದವರಾಗಿರಬಹುದು. ಹಬ್ಬದ ದಿನ ಒಬ್ಬರ ಮನೆಯಲ್ಲಿ ಸೂತಕ ಇರಬಹುದು. ಕೆಲವರಿಗೆ ಯಾವ ದೇವರಲ್ಲೂ ನಂಬಿಕೆ ಇರುವುದಿಲ್ಲ. ಲೆಕ್ಕಕ್ಕೋಸ್ಕರ ಬಂದ ಶುಭಾಶಯದಿಂದ ಯಾರಿಗೆ ಶುಭ ಆಗುತ್ತದೆ?

ಹಾಗಾದರೆ ವಿಶ್ ಮಾಡೋದನ್ನೇ ಬಿಟ್ಟುಬಿಡೋಣವಾ ಅಂತ ಕೆಲವರು ಕೇಳುತ್ತಾರೆ. ಬೇಡ, ಖಂಡಿತ ಬೇಡ. ತಪ್ಪಾದ ಶುಭಾಶಯವಾದರೂ ಕಳಿಸಿದ್ದಕ್ಕೇ ಗೆಳೆಯ ನನಗೆ ಫೋನ್ ಮಾಡಿದ. ಸುಮ್ಮನಿದ್ದಿದ್ದರೆ ಅವನ ತಾಯಿಯ ದುಃಖ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಿ. "ಈ ದಿನ ನಿಮ್ಮನೇಲಿ ಏನು ಮಾಡ್ತೀರಿ?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಕಡೆ ದಸರೆಗೆ ಬನ್ನಿ ಎಲೆ ಕೊಟ್ಟು "ನಾವು ನೀವು ಬಂಗಾರದಂಗ ಇರೋಣ" ಅಂತಾರೆ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು "ಎಳ್ಳು ಬೆಲ್ಲದಂಗ ಇರೋಣ" ಅಂತಾರೆ. ಗಮನಿಸಿ, ಅದರಲ್ಲಿ ದೇವರ ಹೆಸರೇ ಇಲ್ಲ. ಇರುವುದು ನಾವು, ನೀವು. ನಮ್ಮೂರಿನಲ್ಲಿ ಅಜ್ಜಿಗೆ ಬನ್ನಿ ಕೊಡಲು ಮುಸ್ಲಿಂ ಮನೆಯವರೂ ಬರುತ್ತಿದ್ದರು. ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಅವರು ನಮಗೆ ಶಾವಿಗೆ, ಬೆಲ್ಲ, ಅಕ್ಕಿ ಕೊಡುತ್ತಿದ್ದರು, ಬೇಯಿಸಿದ್ದನ್ನು ಕೊಡುತ್ತಿರಲಿಲ್ಲ. ಯಾಕಂದರೆ ನಾವು ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದರಲ್ಲಿ ನಮ್ಮ ಮಡಿಯ ಅಹಂಕಾರವಿತ್ತು, ಅವರ ದೊಡ್ಡ ಮನಸ್ಸೂ ಇತ್ತು. ಆ ತಟ್ಟೆ ಇಸಕೊಳ್ಳುತ್ತಿದ್ದ ಅಜ್ಜಿಯ ಕೈ ನೆನಪಾದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಹೋದ ಸಲದ ಮೊಹರಂ ಹತ್ತನೇ ದಿನ ನಾನು ಯಾರಿಗೂ ಚಿತ್ರ ಕಳಿಸಲಿಲ್ಲ. ಗೆಳೆಯನಿಗೆ ಫೋನ್ ಮಾಡಿ "ಬರ್ಲಾ?" ಅಂತ ಕೇಳಿದೆ. "ಬಾ" ಅಂದ. ಬೆಂಗಳೂರಿನ ಜಾನ್ಸನ್ ಮಾರ್ಕೆಟ್ ಹತ್ತಿರ ಸಬೀಲ್ ಹಾಕಿದ್ದರು. ಕರ್ಬಲಾದ ಬಾಯಾರಿಕೆ ನೆನೆದು, ದಾರಿಯಲ್ಲಿ ಹೋಗುವ ಎಲ್ಲರಿಗೂ ನೀರು, ಶರಬತ್ತು ಕೊಡುವ ಜಾಗ ಅದು. ಅವನು ಕೊಟ್ಟ ಶರಬತ್ತು ಕುಡಿದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ಕೆಂಪು ದಾರದ ಕಥೆ ಹೇಳಿದೆ. ನಮ್ಮೂರಿನ ಹಿರಿಯರು ಹಾಡಿದ ಒಂದು ರಿವಾಯತ್ ಪದ ನನ್ನ ಫೋನಿನಲ್ಲಿತ್ತು. ಕೇಳಿಸಿದೆ. ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ, ನೀರಿಲ್ಲದೆ ಅಳುವ ಮಕ್ಕಳ ಹಾಡು. ಅವತ್ತು ನಾನೂ ಮೊದಲ ಸಲ ಪದವನ್ನು ಪೂರ್ತಿ ಕೇಳಿಸಿಕೊಂಡೆ.

ಮುಗಿದ ಮೇಲೆ ಅವನು ಕಣ್ಣೊರೆಸಿಕೊಂಡ. "ಇದನ್ನ ಅಮ್ಮನಿಗೆ ಕಳಿಸು" ಅಂದ. ಅಲ್ಲೇ ನಿಂತು ಕಳಿಸಿದೆ.