ಬಣ್ಣಕ್ಕಿಂತ ಮೊದಲು ತಂತಿ: ಹಾಟ್ ರಾಡ್ ಕಟ್ಟುವ ಕೊನೆಯ ಹಂತದ ಕುರಿತು

ಹಿರಿಯರಿಗೂ ಕಿರಿಯ ಗೆಳೆಯರಿಗೂ ನಮಸ್ಕಾರ. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ವೇಗಕ್ಕೂ ಅಂದಕ್ಕೂ ಮರುಕಟ್ಟಿದ ಹಾಟ್ ರಾಡ್ ಎಂದರೇನು, ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಕೆರೆಗಳ ಅಂಗಳದಲ್ಲಿ ಅದು ಹೇಗೆ ಬೆಳೆಯಿತು ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳ ಬಗ್ಗೆಯೂ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದೀರಿ. ಗಾಡಿ ತನ್ನ ಚಕ್ರಗಳ ಮೇಲೆ ನಿಂತು, ಇನ್ನೇನು ಮುಗಿಯಿತು ಎಂದು ಕಟ್ಟಿದವರು ನಿಟ್ಟುಸಿರು ಬಿಟ್ಟ ಮೇಲೆ ಉಳಿದುಕೊಳ್ಳುವ ಕೆಲಸದ ಬಗ್ಗೆ ಮಾತನಾಡಲು ನಾನು ಬಂದಿದ್ದೇನೆ. ಆ ಕೆಲಸದಲ್ಲಿ ಬಣ್ಣವನ್ನು ಒಬ್ಬರಿಗೆ, ವೈರಿಂಗನ್ನು ಇನ್ನೊಬ್ಬರಿಗೆ ಒಪ್ಪಿಸಿ, ಎರಡನ್ನೂ ಸಂಬಂಧವಿಲ್ಲದ ಕೆಲಸಗಳೆಂದು ನೋಡುವ ಪದ್ಧತಿ ಬೆಳೆದುಬಿಟ್ಟಿದೆ. ನಮ್ಮ ಗಾಡಿಗಳಲ್ಲಿ ಕರೆಂಟು ಬ್ಯಾಟರಿಗೆ ಹಿಂತಿರುಗುವುದು ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಲೋಹದ ಮೂಲಕ. ಬಣ್ಣವೋ ಕರೆಂಟನ್ನು ತಡೆಯುವ ಪದಾರ್ಥ. ಇವೆರಡನ್ನೂ ಒಟ್ಟಿಗೆ ಯೋಚಿಸದೆ ಕಟ್ಟಿದ ಗಾಡಿ ಪ್ರದರ್ಶನದಲ್ಲಿ ನಿಲ್ಲಬಹುದು, ರಸ್ತೆಯಲ್ಲಿ ಓಡುವುದಿಲ್ಲ.

ಹಾಟ್ ರಾಡ್ ಕಟ್ಟುವವರ ಅಚ್ಚುಮೆಚ್ಚಿನ 1932ರ ಫೋರ್ಡನ್ನೇ ತೆಗೆದುಕೊಳ್ಳಿ. 221 ಘನ ಇಂಚಿನ, 65 ಅಶ್ವಶಕ್ತಿಯ ವಿ8 ಎಂಜಿನ್ ಹೊತ್ತು ಬಂದ ಆ ಕಾರಿನಲ್ಲಿ ಇದ್ದದ್ದು 6 ವೋಲ್ಟಿನ ವ್ಯವಸ್ಥೆ. ಅದರಲ್ಲಿ ಬ್ಯಾಟರಿಯ ಪಾಸಿಟಿವ್ ಬದಿಯೇ ಅರ್ಥ್, ಅಂದರೆ ಚಾಸಿಗೆ ಸೇರಿದ ಬದಿ, ಆಗಿತ್ತು. ಫೋರ್ಡ್ ಕಂಪನಿ 12 ವೋಲ್ಟಿಗೂ ನೆಗೆಟಿವ್ ಅರ್ಥ್‌ಗೂ ಬಂದದ್ದು 1956ರ ಮಾದರಿಗಳಲ್ಲಿ. ಮೂಲ ಗಾಡಿಯಲ್ಲಿ ದೀಪಗಳು, ಹಾರ್ನ್, ಇಗ್ನಿಷನ್, ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರು ಇಷ್ಟಕ್ಕೇ ಬ್ಯಾಟರಿ ಮತ್ತು ಡೈನಮೋದ ಕರೆಂಟು ಸಾಕಾಗುತ್ತಿತ್ತು. ಇಂದು ಅದೇ ಬಾಡಿಯೊಳಗೆ ಷೆವ್ರೊಲೆಯ 350 ಘನ ಇಂಚಿನ ಎಂಜಿನ್ ಕೂರಿಸಿ, ವಿದ್ಯುತ್ ಫ್ಯಾನ್, ವಿದ್ಯುತ್ ಪೆಟ್ರೋಲ್ ಪಂಪ್, ಏರ್ ಕಂಡಿಷನರ್, ಹ್ಯಾಲೊಜೆನ್ ದೀಪ, ಸ್ಟೀರಿಯೊ ಎಲ್ಲವನ್ನೂ ಸೇರಿಸುತ್ತೇವೆ. ಎಂಬತ್ತು ತೊಂಬತ್ತು ವರ್ಷ ಹಳೆಯ ತಂತಿಗಳನ್ನು ಅಲ್ಲಲ್ಲಿ ತೇಪೆ ಹಾಕಿ ಉಳಿಸಿಕೊಳ್ಳುವ ಮಾತು ಇಲ್ಲಿ ಬರುವುದೇ ಇಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯಬೇಕು.

ಯಾವಾಗ ಎಳೆಯಬೇಕು ಎಂಬುದೇ ನನ್ನ ಮೊದಲ ಪ್ರಶ್ನೆ. ಮನೆ ಕಟ್ಟುವಾಗ ಗೋಡೆಗೆ ಗಾರೆ ಬಳಿಯುವ ಮೊದಲೇ ವೈರಿಂಗ್ ಪೈಪು ಕೂರಿಸುತ್ತೇವಲ್ಲ, ಗಾಡಿಗೂ ಅದೇ ಕ್ರಮ ಸಲ್ಲುತ್ತದೆ. ಬರಿಯ ಲೋಹದ ಮೇಲೆಯೇ ಇಡೀ ಗಾಡಿಯನ್ನು ಒಮ್ಮೆ ಜೋಡಿಸಿ, ಪ್ರತಿ ತಂತಿಯನ್ನೂ ಎಳೆದು, ಪ್ರತಿ ರಂಧ್ರವನ್ನೂ ಕೊರೆದು, ಕ್ಲ್ಯಾಂಪ್ ಕೂರುವ ಪ್ರತಿ ಜಾಗದಲ್ಲಿ ನಟ್ಟನ್ನು ಬೆಸುಗೆ ಹಾಕಿ, ಸಾಧ್ಯವಾದರೆ ಸ್ವಲ್ಪ ದೂರ ಓಡಿಸಿ ನೋಡಿ, ಅನಂತರವೇ ಎಲ್ಲವನ್ನೂ ಬಿಚ್ಚಿ ಬಣ್ಣಕ್ಕೆ ಕಳುಹಿಸಬೇಕು. ಬಣ್ಣವಾದ ಮೇಲೆ ಡ್ರಿಲ್ ಹಿಡಿದರೆ ರಂಧ್ರದ ಅಂಚಿನಿಂದ ತುಕ್ಕು ಶುರುವಾಗುತ್ತದೆ, ಡ್ರಿಲ್ ಒಮ್ಮೆ ಜಾರಿದರೆ ತಿಂಗಳುಗಳ ಕೆಲಸ ಹಾಳಾಗುತ್ತದೆ. ಆ ಭಯಕ್ಕೇ ಎಷ್ಟೋ ಮಂದಿ ಬೇಕಾದ ಕಡೆ ಕ್ಲ್ಯಾಂಪ್ ಹಾಕದೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ತಂತಿಯನ್ನು ಜೋತಾಡಲು ಬಿಟ್ಟಿರುವುದನ್ನು ನಾನು ನೋಡಿದ್ದೇನೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಮನ್ನಿಸಬೇಕು. ನಾನು ಲಾಸ್ ಏಂಜಲೀಸ್ ಸಮೀಪದಲ್ಲಿದ್ದಾಗ ಪರಿಚಿತರೊಬ್ಬರು ಮೇಲ್ಛಾವಣಿ ತೆರೆದ 1932ರ ರೋಡ್‌ಸ್ಟರ್ ಒಂದನ್ನು ಕಟ್ಟಿಸುತ್ತಿದ್ದರು. ಪೊಮೋನಾದಲ್ಲಿ ಈಗ ನಡೆಯುವ, 1950ರಲ್ಲಿ ಓಕ್‌ಲ್ಯಾಂಡಿನಲ್ಲಿ ಆರಂಭವಾದ ರೋಡ್‌ಸ್ಟರ್ ಪ್ರದರ್ಶನದ ಮಟ್ಟಕ್ಕೆ ತಮ್ಮ ಗಾಡಿ ಏರಬೇಕೆಂಬುದು ಅವರ ಆಸೆಯಾಗಿತ್ತು. ಚಾಸಿಗೆ ಕನ್ನಡಿಯಂತಹ ಪೌಡರ್ ಕೋಟಿಂಗ್ (ಪುಡಿಯನ್ನು ಬಿಸಿಯಿಂದ ಕರಗಿಸಿ ಕೂರಿಸುವ ಗಟ್ಟಿ ಬಣ್ಣ), ಬಾಡಿಗೆ ಕಿತ್ತಳೆ ಬಣ್ಣ, ಎಂಜಿನ್ನು ಚಾಸಿಯ ಮೇಲೆ ಕೂರಲು ರಬ್ಬರ್ ಮೌಂಟ್. ಮುಂದೆ ಜಾಗವಿಲ್ಲವೆಂದು ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟು, ಅದರ ನೆಗೆಟಿವ್ ಕೇಬಲನ್ನು ಹಿಂಬದಿಯಲ್ಲೇ ಚಾಸಿಗೆ ಬಿಗಿದಿದ್ದರು. ತಂತಿ ಒಂದೂ ಕಣ್ಣಿಗೆ ಬೀಳದಷ್ಟು ಅಚ್ಚುಕಟ್ಟಾದ ಕೆಲಸ. ಮೊದಲ ಬಾರಿ ಕೀಲಿ ತಿರುಗಿಸಿದಾಗ ಸೆಲ್ಫ್ ನರಳಿಕೊಂಡು ಅರ್ಧ ಸುತ್ತು ತಿರುಗಿ ನಿಂತಿತು. ಬ್ಯಾಟರಿ ಬದಲಾಯಿತು, ಸೆಲ್ಫ್ ಮೋಟಾರೂ ಬದಲಾಯಿತು, ಫಲ ಮಾತ್ರ ಅದೇ. ಎರಡನೆಯ ದಿನ ಯಾರೋ ಸ್ವಲ್ಪ ಹೆಚ್ಚು ಹೊತ್ತು ಕೀಲಿ ಹಿಡಿದಾಗ ಎಂಜಿನ್ ಮತ್ತು ಬಾಡಿಯ ನಡುವಿನ ಆಕ್ಸಿಲರೇಟರ್ ಕೇಬಲ್‌ನಿಂದ ಹೊಗೆ ಎದ್ದಿತು. ಮುಟ್ಟಿದವರ ಬೆರಳು ಸುಟ್ಟಿತು. ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿ ಪೆಡಲ್ ಅಲ್ಲಾಡದಂತೆ ಕಚ್ಚಿಕೊಂಡಿತ್ತು.

ಪಕ್ಕದ ಬೀದಿಯಲ್ಲಿದ್ದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಅವರು ಮೀಟರನ್ನೂ ತೆಗೆಯಲಿಲ್ಲ. ಎರಡು ತುದಿಗೂ ಕ್ಲಿಪ್ಪಿರುವ ಒಂದು ದಪ್ಪ ಜಂಪರ್ ಕೇಬಲ್ ತೆಗೆದುಕೊಂಡು ಬ್ಯಾಟರಿಯ ನೆಗೆಟಿವ್ ತುದಿಯಿಂದ ನೇರವಾಗಿ ಎಂಜಿನ್ ಬ್ಲಾಕಿಗೆ ಕಚ್ಚಿಸಿ, ‘ಈಗ ತಿರುಗಿಸಿ’ ಎಂದರು. ಎಂಜಿನ್ ತಕ್ಷಣ ಹತ್ತಿಕೊಂಡಿತು. ಅಲ್ಲಿ ನಡೆದದ್ದು ಇಷ್ಟೇ: ಅಂತಹ ವಿ8 ಎಂಜಿನ್ನನ್ನು ತಿರುಗಿಸಲು ಸೆಲ್ಫ್ 150–200 ಆಂಪಿಯರ್ ಎಳೆಯುತ್ತದೆ, ಎಳೆದಷ್ಟೂ ಬ್ಯಾಟರಿಗೆ ವಾಪಸ್ಸು ಹೋಗಲೇಬೇಕು. ರಬ್ಬರ್ ಮೌಂಟ್ ಒಂದು ದಾರಿಯನ್ನು ಮುಚ್ಚಿತ್ತು, ಪೌಡರ್ ಕೋಟಿಂಗ್ ಇನ್ನೊಂದನ್ನು ಮುಚ್ಚಿತ್ತು. ಬೇರೆ ದಾರಿ ಕಾಣದ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಸಣ್ಣ ಉಕ್ಕಿನ ಎಳೆಯನ್ನು ಹಿಡಿದು ಬಾಡಿಗೆ ಬಂದು, ಬೋಲ್ಟುಗಳ ತಿರುಪನ್ನು ಹಾದು ಚಾಸಿಗೆ ಇಳಿಯುತ್ತಿತ್ತು. ಗಾಡಿ ಶೆಡ್ಡಿನಲ್ಲಿದ್ದಾಗ ಪೆಡಲ್ ಕಚ್ಚಿಕೊಂಡದ್ದು ಅದೃಷ್ಟ. ಹೆದ್ದಾರಿಯಲ್ಲಿ ಅರ್ಧ ಒತ್ತಿದ ಪೆಡಲ್ ಹಾಗೆಯೇ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿರುವವರು ಬಲ್ಲರು.

ಹೋದ ಕರೆಂಟು ಹಿಂತಿರುಗಿ ಬರಬೇಕು. ಈ ಮಾತನ್ನು ನಾನು ಈ ಸಂಜೆ ಮತ್ತೆ ಮತ್ತೆ ಹೇಳುವವನಿದ್ದೇನೆ. ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಬ್ಯಾಟರಿ ಹಿಂದಿದ್ದರೆ ಎಂಜಿನ್ ಬ್ಲಾಕಿನವರೆಗೂ ಪ್ರತ್ಯೇಕ ನೆಗೆಟಿವ್ ಕೇಬಲ್ ಎಳೆಯುವುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ. ಅರ್ಥ್ ಕೂರುವ ಜಾಗಗಳನ್ನು ಬಣ್ಣಕ್ಕೆ ಮೊದಲೇ ಗುರುತಿಸಿ, ಅಲ್ಲಿ ಟೇಪ್ ಅಂಟಿಸಿ ಬಣ್ಣ ತಾಗದಂತೆ ಕಾಯಬೇಕು. ಹಾಗೆ ಕಾಯದಿದ್ದವರು ಹೊಳೆಯುವ ಲೋಹ ಕಾಣುವವರೆಗೂ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಬೇಕು. ಬಿಗಿದ ಮೇಲೆ ಪರೀಕ್ಷೆಯೂ ಸುಲಭ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೊಳೆಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿದು ಸೆಲ್ಫ್ ಹೊಡೆಯಿರಿ. ಒಂದು ವೋಲ್ಟಿನ ಕಾಲು ಭಾಗಕ್ಕಿಂತ ಹೆಚ್ಚು ತೋರಿಸಿದರೆ ಹಿಂದಿರುಗುವ ದಾರಿಯಲ್ಲಿ ಎಲ್ಲೋ ತಡೆಯಿದೆ ಎಂದು ತಿಳಿಯಿರಿ. ಫೈಬರ್‌ಗ್ಲಾಸ್ ಬಾಡಿಯಾದರಂತೂ ದಾರಿಯೇ ಇಲ್ಲ; ಪ್ರತಿ ದೀಪಕ್ಕೂ, ಪ್ರತಿ ಮೀಟರಿಗೂ, ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಟ್ಯಾಂಕಿನ ಸೆಂಡರಿಗೂ ಬೇರೆ ಅರ್ಥ್ ತಂತಿ ಎಳೆಯದೆ ವಿಧಿಯಿಲ್ಲ.

ಇನ್ನು ತಂತಿಯ ದಪ್ಪ. ಅಮೆರಿಕದ ಗೇಜ್ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಾದಂತೆ ತಂತಿ ತೆಳ್ಳಗಾಗುತ್ತದೆ. ನಾವು ಇಲ್ಲಿ ಸ್ಕ್ವೇರ್ ಎಂಎಂ ಎಂದು ಕೇಳಿ ಕೊಳ್ಳುತ್ತೇವೆ. ಅಲ್ಲಿನ 18 ಗೇಜ್ ನಮ್ಮ 0.8 ಸ್ಕ್ವೇರ್ ಎಂಎಂಗೆ ಸಮ. ಅಂತಹ ತಂತಿಯಲ್ಲಿ ಬ್ಯಾಟರಿಯಿಂದ ಡ್ಯಾಶಿನ ಸ್ವಿಚ್ಚಿಗೆ, ಅಲ್ಲಿಂದ ಮುಂದಿನ ದೀಪಗಳಿಗೆ ನಾಲ್ಕೂವರೆ ಮೀಟರ್ ಎಳೆದು 55 ವ್ಯಾಟಿನ ಎರಡು ದೀಪ ಹೊತ್ತಿಸಿದರೆ ಸುಮಾರು 9 ಆಂಪಿಯರ್ ಹರಿದು, ದಾರಿಯಲ್ಲೇ 0.85 ವೋಲ್ಟಿನಷ್ಟು ಕಳೆದುಹೋಗುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ಇಷ್ಟು ಕಡಿಮೆಯಾದರೆ ಬೆಳಕಿನಲ್ಲಿ ಐದನೆಯ ಒಂದು ಪಾಲು ಹೋಯಿತೆಂದೇ ಲೆಕ್ಕ. ಅದೇ ದೂರಕ್ಕೆ 12 ಗೇಜ್, ಅಂದರೆ 3.3 ಸ್ಕ್ವೇರ್ ಎಂಎಂ ತಂತಿ ಹಾಕಿ, ಸ್ವಿಚ್ಚಿನ ಕೈಯಲ್ಲಿ ಕೇವಲ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚನ್ನು) ಕೊಟ್ಟರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ, ಸ್ವಿಚ್ಚೂ ಬಿಸಿಯಾಗುವುದಿಲ್ಲ. ಇದರಲ್ಲೂ ಹಿಂದಿರುಗುವ ದಾರಿಯ ನಷ್ಟವನ್ನು ನಾನು ಸೇರಿಸಿಲ್ಲ. ದೀಪದ ಅರ್ಥ್ ಬಣ್ಣದ ಮೇಲೆ ಕೂತಿದ್ದರೆ ಮುಂದಿನ ದಪ್ಪ ತಂತಿಯೂ ವ್ಯರ್ಥವೇ.

ಫ್ಯೂಸನ್ನು ಉಪಕರಣದ ರಕ್ಷಣೆಗೆಂದು ಭಾವಿಸುವವರು ಹೆಚ್ಚು. ಅದು ಇರುವುದು ತಂತಿಯ ರಕ್ಷಣೆಗೆ. ತಂತಿ ಎಷ್ಟು ಆಂಪಿಯರ್ ತಡೆಯಬಲ್ಲದೋ ಅದಕ್ಕಿಂತ ಕಡಿಮೆ ಫ್ಯೂಸ್ ಹಾಕಿ, ಅದನ್ನು ಕರೆಂಟು ಹೊರಡುವ ಜಾಗಕ್ಕೆ ಆದಷ್ಟು ಹತ್ತಿರ ಇಡಬೇಕು. ಉದ್ದ ತಂತಿಯ ಕೊನೆಯಲ್ಲಿ ಇಟ್ಟ ಫ್ಯೂಸ್ ಆ ಉದ್ದವನ್ನೆಲ್ಲ ಕಾಯದೆ ಬಿಟ್ಟಂತೆ. ಹೆಡ್‌ಲೈಟಿಗೆ ಮಾತ್ರ ಅಮೆರಿಕದ ಕಾರ್ಖಾನೆಗಳು ತಾನಾಗಿಯೇ ಮತ್ತೆ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಬಳಸುತ್ತಿದ್ದವು, ಏಕೆಂದರೆ ರಾತ್ರಿ ತಿರುವಿನಲ್ಲಿ ಎರಡೂ ದೀಪ ಒಮ್ಮೆಗೇ ಆರಿಹೋಗುವುದಕ್ಕಿಂತ ಮಿಟುಕುತ್ತಲಾದರೂ ಉರಿಯುವುದು ಲೇಸು.

ಗಾಡಿ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವ ಆಲ್ಟರ್ನೇಟರ್ ವಿಷಯದಲ್ಲಿ ಅಂದಕ್ಕೂ ಕೆಲಸಕ್ಕೂ ನೇರ ಜಗಳವಿದೆ. ಎಂಜಿನ್ ಮೇಲೆ ತಂತಿ ಕಾಣಬಾರದೆಂದು ಬಹಳ ಮಂದಿ ಒಂದೇ ತಂತಿಯ ಆಲ್ಟರ್ನೇಟರ್ ಆರಿಸುತ್ತಾರೆ. ಅದು ತನ್ನ ಹೊರತುದಿಯ ವೋಲ್ಟೇಜನ್ನಷ್ಟೇ ನೋಡಿಕೊಳ್ಳುತ್ತದೆ, ಗಾಡಿ ಹೊರಟ ಮೇಲೆ ಎಂಜಿನ್ ವೇಗ ಒಂದು ಮಟ್ಟ ಮುಟ್ಟುವವರೆಗೂ ಚಾರ್ಜ್ ಶುರುಮಾಡುವುದಿಲ್ಲ. ಮೂರು ತಂತಿಯದಾದರೆ ಕರೆಂಟು ಹಂಚಿಕೆಯಾಗುವ ಜಾಗದ ವೋಲ್ಟೇಜನ್ನು ಪ್ರತ್ಯೇಕ ತಂತಿಯಿಂದ ಅಳೆದು, ದಾರಿಯ ನಷ್ಟವನ್ನೂ ತುಂಬಿಕೊಡುತ್ತದೆ. ಎರಡು ಸಣ್ಣ ತಂತಿಗಳನ್ನು ಬಟ್ಟೆಯ ಹೆಣಿಗೆಯ ಕವಚದಲ್ಲಿ ಮರೆಮಾಡುವುದು ಕಷ್ಟವೇನಲ್ಲ. ನಾನು ಯಾವಾಗಲೂ ಮೂರು ತಂತಿಯ ಪರ. ಡ್ಯಾಶಿನಲ್ಲಿ ಹಳೆಯ ಕಾಲದ ಆಮ್ಮೀಟರ್ ಇಡುವ ಆಸೆಯನ್ನೂ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಇಡೀ ಗಾಡಿಯ ಕರೆಂಟನ್ನು ಚಾಲಕನ ಮೊಣಕಾಲ ಮುಂದೆ ತಂದು ಹಿಂದಕ್ಕೆ ಒಯ್ಯುವ ಅಗತ್ಯ ಇಂದಿಲ್ಲ. ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸುವ ವೋಲ್ಟ್ ಮೀಟರ್ ಸಾಕು.

ಇಲ್ಲಿ ಒಂದು ಮಾತು. ಕಂಪನಿಯ ಮೂಲ ವಿನ್ಯಾಸವನ್ನು ಬದಲಿಸಿದ ವಾಹನವನ್ನು ನಮ್ಮ ದೇಶದಲ್ಲಿ ರಸ್ತೆಗಿಳಿಸಲು ಕಾನೂನು ಅಡ್ಡಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. ಆದರೆ ಹಳೆಯ ಅಂಬಾಸಡರನ್ನೋ ವಿಲ್ಲಿಸ್ ಜೀಪನ್ನೋ ಮೂಲ ರೂಪದಲ್ಲೇ ಉಳಿಸಿಕೊಳ್ಳುವವರಿಗೂ ಚಾಸಿಗೆ ಬಣ್ಣ ಬಳಿಯುವ ದಿನ ಬಂದೇ ಬರುತ್ತದೆ. ಬಣ್ಣವಾದ ಮೇಲೆ ಸೆಲ್ಫ್ ಹೊಡೆಯುತ್ತಿಲ್ಲವೆಂದು ಬೆಂಗಳೂರಿನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೊಸ ಸೆಲ್ಫ್ ಕೊಳ್ಳಲು ಹೊರಡುವ ಮುನ್ನ ಆ ಜಂಪರ್ ಕೇಬಲನ್ನು ಒಮ್ಮೆ ನೆನೆಯಿರಿ.

ಸಮಯ ಮೀರುತ್ತಿದೆ ಎಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ; ಉಳಿದದ್ದನ್ನು ಬೇಗ ಹೇಳುತ್ತೇನೆ. ತಂತಿಗಳನ್ನು ತಿರುಚಿ ಟೇಪ್ ಸುತ್ತುವ ಅಭ್ಯಾಸವನ್ನು ಬಿಡಿ, ಎಂಜಿನ್ ಬಿಸಿಗೆ ಅದರ ಗೋಂದು ಕರಗಿ ಜಾರುತ್ತದೆ. ಸೋಲ್ಡರ್ ಮಾಡಿದರೆ ತವರ ಎಳೆಗಳ ಒಳಕ್ಕೆ ಏರಿ ಗಟ್ಟಿಯಾಗಿ, ಅದು ನಿಂತ ಜಾಗದಲ್ಲೇ ಅದುರಿ ಅದುರಿ ತಂತಿ ಮುರಿಯುತ್ತದೆ; ಸರಿಯಾದ ಇಕ್ಕಳದಿಂದ ಒತ್ತಿ ಕೂರಿಸಿದ ಲಗ್ಗು (ತಂತಿಯ ತುದಿಯ ಲೋಹದ ಕೊಂಡಿ), ಅದರ ಮೇಲೆ ಒಳಗೆ ಅಂಟಿರುವ ಶ್ರಿಂಕ್ ಸ್ಲೀವ್ ಇವೇ ನನ್ನ ಆಯ್ಕೆ. ಎಂಜಿನ್ ಹತ್ತಿರ 80 ಡಿಗ್ರಿ ತಡೆಯುವ ಸಾಮಾನ್ಯ ಪಿವಿಸಿ ತಂತಿಯ ಬದಲು 125 ಡಿಗ್ರಿ ತಡೆಯುವ ಕ್ರಾಸ್‌ಲಿಂಕ್ಡ್ ತಂತಿ ಬಳಸಿ. ತಗಡಿನ ಪ್ರತಿ ರಂಧ್ರಕ್ಕೂ ಅಂಚು ತಂತಿಯನ್ನು ಕೊಯ್ಯದಂತೆ ಕಾಯುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಇರಲಿ. ತಂತಿಯನ್ನು ಮರೆಮಾಡಿ, ಆದರೆ ಸೀಟು ಬಿಚ್ಚದೆ, ಕಾರ್ಪೆಟ್ ಕೀಳದೆ ಫ್ಯೂಸ್ ಬಾಕ್ಸಿಗೆ ಕೈ ಹೋಗುವಂತಿರಲಿ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಅದನ್ನು ಮಿನುಗಿಸುವ ಫ್ಲ್ಯಾಷರನ್ನೂ ಬದಲಿಸಿ, ಇಲ್ಲವಾದರೆ ಬಲ್ಬ್ ಸುಟ್ಟಿದೆಯೆಂದು ತಿಳಿದು ಅದು ದಡಬಡನೆ ಮಿನುಗುತ್ತದೆ. ಪೆಟ್ರೋಲ್ ಮೀಟರ್ ಮತ್ತು ಸೆಂಡರ್ ಒಂದೇ ಜೋಡಿಯವಾಗಿರಬೇಕು: ಜನರಲ್ ಮೋಟರ್ಸ್ ಸೆಂಡರ್ ಖಾಲಿಯಾದಾಗ 0, ತುಂಬಿದಾಗ 90 ಓಮ್; ಹಳೆಯ ಫೋರ್ಡಿನದು ಖಾಲಿಗೆ 73, ತುಂಬಿದ್ದಕ್ಕೆ 10. ಅದಲುಬದಲಾದರೆ ಟ್ಯಾಂಕ್ ಬರಿದಾಗುತ್ತಿದ್ದಂತೆ ಮುಳ್ಳು ಮೇಲೇರುತ್ತದೆ.

ಎಡಗಡೆಯ ಮೇಜಿನ ಮೇಲೆ ಅಡ್ಡಕ್ಕೆ ಕತ್ತರಿಸಿದ ಲಗ್ಗುಗಳನ್ನೂ, ಬಣ್ಣದ ಮೇಲೆ ಬಿಗಿದ ಮತ್ತು ಕೆರೆದು ಬಿಗಿದ ಎರಡು ಅರ್ಥ್ ಬೋಲ್ಟುಗಳನ್ನೂ, ಒಂದು ಬ್ಯಾಟರಿಯನ್ನೂ ಹೆಡ್‌ಲೈಟನ್ನೂ ಮೀಟರನ್ನೂ ಇಟ್ಟಿದ್ದೇನೆ. ಪ್ರಶ್ನೆ ಕೇಳುವವರು ದಯವಿಟ್ಟು ಅಲ್ಲಿಗೇ ಬನ್ನಿ, ನಿಮ್ಮ ಕೈಯಿಂದಲೇ ಅಳೆದು ನೋಡುತ್ತಾ ಮಾತನಾಡೋಣ.