ವೃತ್ತ ಮೊಟ್ಟೆಯಾದಾಗ: ಪರದೆಯ ಚಿತ್ರವನ್ನು ಸರಿಪಡಿಸುವ ಬಗೆ

[ದೃಶ್ಯ: ಚಿಕ್ಕಬಳ್ಳಾಪುರದ ಶಾಲಾ ಸಭಾಂಗಣ. ಗೋಡೆಯ ಮೇಲೆ ಪ್ರೊಜೆಕ್ಟರ್ ಚಿತ್ರ.]

ನಿರೂಪಣೆ: ನಮಸ್ಕಾರ. ಇದು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿ. ಸ್ಥಳದಲ್ಲಿ ನೇರವಾಗಿರುವ ಮೆಟ್ಟಿಲುಗಳು ಇಲ್ಲಿ ಅಂಚಿನತ್ತ ಹೊರಕ್ಕೆ ಉಬ್ಬಿವೆ. ಅವುಗಳ ಮೇಲೆ ನಿಂತವರು ಕುಳ್ಳಗೆ, ಅಗಲವಾಗಿ ಕಾಣುತ್ತಿದ್ದಾರೆ. ಇವು ಎರಡು ಬೇರೆ ಬೇರೆ ದೋಷಗಳು. ಮೊದಲನೆಯದು ಕ್ಯಾಮೆರಾದ ಮಸೂರದಲ್ಲಿ ಹುಟ್ಟಿದ್ದು, ಎರಡನೆಯದು ಕಂಪ್ಯೂಟರಿನಿಂದ ಪರದೆಗೆ ಬರುವ ದಾರಿಯಲ್ಲಿ ಸೇರಿಕೊಂಡದ್ದು. ದೋಷದ ಮೂಲ ತಿಳಿಯದೆ ಸೆಟ್ಟಿಂಗ್‌ಗಳನ್ನು ಬದಲಿಸುತ್ತ ಹೋದರೆ, ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ.

[ದೃಶ್ಯ: ಲ್ಯಾಪ್‌ಟಾಪ್‌ನಲ್ಲಿ ವೃತ್ತ ಬರೆಯುವುದು.]

ಪೇಂಟ್ ತಂತ್ರಾಂಶದಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಒಂದು ವೃತ್ತ ಬರೆಯಿರಿ. ಪರದೆಯ ಮೇಲೆಯೇ ಅಳತೆಪಟ್ಟಿಯಿಟ್ಟು ಅದರ ಅಗಲ, ಎತ್ತರಗಳನ್ನು ಅಳೆಯಿರಿ. ಎರಡೂ ಸಮವಾಗಿದ್ದರೆ ಪರದೆಯ ಅನುಪಾತ ಸರಿಯಿದೆ, ದೋಷವನ್ನು ಫೈಲಿನಲ್ಲಿ ಹುಡುಕಬೇಕು. ಸಮವಾಗಿಲ್ಲದಿದ್ದರೆ ರೆಸಲ್ಯೂಷನ್, ಅಂದರೆ ಅಗಲಕ್ಕೂ ಎತ್ತರಕ್ಕೂ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕಿ) ಇವೆಯೆಂದು ನೋಡಿ. 1024×768ರ ಚಿತ್ರವನ್ನು 1920×1080ರ ಪರದೆಗೆ ಎಳೆದು ತುಂಬಿಸಿದರೆ ಅಗಲ 1.875 ಪಟ್ಟು, ಎತ್ತರ ಸುಮಾರು 1.41 ಪಟ್ಟು ಹಿಗ್ಗುವುದರಿಂದ, ವೃತ್ತದ ಅಗಲವು ಎತ್ತರಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚಾಗುತ್ತದೆ. ಪರದೆಯ ಮೂಲ ರೆಸಲ್ಯೂಷನ್ನನ್ನೇ ಆರಿಸಿ. ಅದು ಸಾಧ್ಯವಾಗದಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಅನುಪಾತವನ್ನು ಉಳಿಸುವ ಆಯ್ಕೆಯನ್ನು ಒತ್ತಿ. ಎರಡೂ ಬದಿಗೆ ಕಪ್ಪು ಪಟ್ಟಿ ಉಳಿದರೂ ಮನುಷ್ಯರು ಮನುಷ್ಯರಂತೆ ಕಾಣುವುದು ಮುಖ್ಯ.

ಇಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ. ಮಾನಿಟರ್ ಮಾಡುವ ಎಳೆತ ಅದರಲ್ಲಿ ದಾಖಲಾಗುವುದಿಲ್ಲ.

ಟಿವಿಯಲ್ಲಿ ಅಂಚುಗಳು ಕತ್ತರಿಸಿಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಟಿವಿಯ ಮೆನುವಿನಲ್ಲಿ ಅದನ್ನು ನಿಲ್ಲಿಸಬಹುದು.

[ದೃಶ್ಯ: ಓರೆಯಾದ ಪ್ರೊಜೆಕ್ಟರ್.]

ಚಿತ್ರದ ಮೇಲ್ಭಾಗ ಅಗಲವಾಗಿ, ಕೆಳಭಾಗ ಕಿರಿದಾಗಿದ್ದರೆ ಹೆಚ್ಚಿನವರು ಕೂಡಲೇ ಆ ಓರೆಯನ್ನು ತಿದ್ದುವ ಕೀಸ್ಟೋನ್ ಗುಂಡಿ ಒತ್ತುತ್ತಾರೆ. ಡಿಜಿಟಲ್ ಕೀಸ್ಟೋನ್ ಚಿತ್ರವನ್ನು ಪ್ರೊಜೆಕ್ಟರಿನ ಒಳಗೇ ಕುಗ್ಗಿಸುವುದರಿಂದ ಒಂದಷ್ಟು ಪಿಕ್ಸೆಲ್‌ಗಳು ವ್ಯರ್ಥವಾಗಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಹಿಂದಿನ ಬೆಂಚಿನ ಮಕ್ಕಳು ಓದಬೇಕಾದ ಅಕ್ಷರಗಳವು. ಮೊದಲು ಮೇಜಿನ ಎತ್ತರ ಸರಿಪಡಿಸಿ, ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿಡಿ. ಉಳಿದ ಅಲ್ಪ ಓರೆಗೆ ಮಾತ್ರ ಆ ಗುಂಡಿ ಸಾಕು.

[ದೃಶ್ಯ: ಮತ್ತೆ ಕಲ್ಯಾಣಿ, ಮೆಟ್ಟಿಲ ಮೇಲೆ ಕೆಂಪು ಗೆರೆ.]

ಮೆಟ್ಟಿಲುಗಳ ಉಬ್ಬನ್ನು ಯಾವ ಮಾನಿಟರೂ ತಿದ್ದಲಾರದು. ಅಗಲ ನೋಟದ ಮಸೂರದಲ್ಲಿ ಕೇಂದ್ರದಿಂದ ದೂರ ಹೋದಂತೆ ಬಿಂದುಗಳು ಒಳಕ್ಕೆ ಸರಿಯುತ್ತವೆ. ತಿದ್ದುವ ತಂತ್ರಾಂಶವು ಹೊಸ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಹಳೆಯ ಚಿತ್ರದಲ್ಲಿ ಅದರ ಸ್ಥಾನ ಎಲ್ಲಿತ್ತೆಂದು ಲೆಕ್ಕಹಾಕಿ, ಸುತ್ತಲಿನ ಬಣ್ಣಗಳಿಂದ ಅದನ್ನು ತುಂಬುತ್ತದೆ. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಇದಕ್ಕೆ ಲೆನ್ಸ್ ಡಿಸ್ಟಾರ್ಷನ್ ಎಂಬ ಫಿಲ್ಟರ್ ಇದೆ. ನಿಖರತೆ ಬೇಕಿದ್ದವರು ಚದುರಂಗದ ಮನೆಗಳ ಹಾಳೆಯ ಫೋಟೊಗಳನ್ನು ಹಲವು ಕೋನಗಳಿಂದ ತೆಗೆದು, ಚಿತ್ರ ಸಂಸ್ಕರಣೆಯ ಪ್ರೋಗ್ರಾಂ ಸಂಗ್ರಹವಾದ ಓಪನ್‌ಸಿವಿಯಲ್ಲಿ ಮಸೂರದ ಗುಣಾಂಕಗಳನ್ನು (ಉಬ್ಬಿನ ಪ್ರಮಾಣ ಹೇಳುವ ಸಂಖ್ಯೆಗಳನ್ನು) ಪಡೆಯಬಹುದು. ಚಿತ್ರವನ್ನು ಕತ್ತರಿಸುವ ಮೊದಲೇ ಈ ಕೆಲಸ ಮುಗಿಸಿ. ಕತ್ತರಿಸಿದರೆ ಮಸೂರದ ಕೇಂದ್ರ ಚಿತ್ರದ ನಡುವೆ ಉಳಿಯದೆ ಲೆಕ್ಕ ತಪ್ಪುತ್ತದೆ.