28 ಇಂಚಿನ ಟೈರ್ ಕೇಳಬೇಡಿ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನ ಮಾತು ಸೈಕಲ್ ಅಂಗಡಿ ಇಟ್ಟವರಿಗೆ. ಅದರಲ್ಲೂ, ತೈವಾನಿನ ತೈಪೆ ಸೈಕಲ್ ಮೇಳಕ್ಕೆ ಹೋಗಿ ನೇರವಾಗಿ ಮಾಲು ತರಿಸಿದರೆ ಹೇಗೆ ಅಂತ ಲೆಕ್ಕ ಹಾಕುತ್ತಿರುವವರಿಗೆ. ಮೇಳ ನಡೆಯುವ ಜಾಗ ನಾಂಗಾಂಗ್ ಪ್ರದರ್ಶನ ಕೇಂದ್ರ. ಮೆಟ್ರೋದ ನೀಲಿ ಮಾರ್ಗ, ಕಂದು ಮಾರ್ಗ ಎರಡಕ್ಕೂ ಅದೇ ಕೊನೆಯ ನಿಲ್ದಾಣ, ದಾರಿ ತಪ್ಪುವ ಭಯವಿಲ್ಲ. ಜನ ತಪ್ಪುವುದು ಒಳಗೆ ಹೋದ ಮೇಲೆ, ಟೈರ್ ಸ್ಟಾಲಿನ ಮುಂದೆ ನಿಂತು "28 ಇಂಚಿಂದು ಕೊಡಿ" ಅಂದಾಗ.

ಇಂಚಿನಲ್ಲಿ ಕೇಳಬೇಡಿ ಸ್ವಾಮಿ. ಮಿಲಿಮೀಟರಿನಲ್ಲಿ ಕೇಳಿ.

ನಮ್ಮ ಹಾಲಿನ ಕ್ಯಾನು ಹೊರುವ ಕಪ್ಪು ದೊಡ್ಡ ಸೈಕಲ್ ಇದೆಯಲ್ಲ, 28 ಇಂಚು, ಒಂದೂವರೆ ಇಂಚು ಅಗಲದ ಟೈರಿನದು. ಅದರ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ 635 ಮಿ.ಮೀ. ಮೇಳದಲ್ಲಿ 28 ಅಂದರೆ ಸಾಮಾನ್ಯವಾಗಿ 622ರದ್ದನ್ನು ತೋರಿಸುತ್ತಾರೆ. ತಮಾಷೆ ಕೇಳಿ, ಈಗಿನ ಹುಡುಗರು ಆಸೆಪಡುವ 29 ಇಂಚಿನ ಸೈಕಲ್ಲಿನದೂ ಅದೇ 622. ಅಂದರೆ 29ರ ರಿಮ್ಮು ನಮ್ಮ 28ರ ರಿಮ್ಮಿಗಿಂತ ಚಿಕ್ಕದು! ಯಾಕೆ? ಇಂಚಿನ ಲೆಕ್ಕ ಗಾಳಿ ತುಂಬಿದ ಟೈರಿನ ಹೊರ ಅಂಚಿನದು. ಚಿಕ್ಕ ರಿಮ್ಮಿಗೆ ದಪ್ಪ ಟೈರ್ ಹಾಕಿದರೆ ಇಂಚು ಜಾಸ್ತಿ, ದೊಡ್ಡ ರಿಮ್ಮಿಗೆ ಸಣ್ಣ ಟೈರ್ ಹಾಕಿದರೆ ಕಡಿಮೆ. ರಿಮ್ಮಿಗೆ ಆ ಲೆಕ್ಕದಿಂದ ಏನೂ ಆಗಬೇಕಿಲ್ಲ.

622ರ ಟೈರನ್ನು 635ರ ರಿಮ್ಮಿಗೆ ಹಾಕಲು ಹೋದರೆ ಸುತ್ತಳತೆಯಲ್ಲೇ ನಾಲ್ಕು ಸೆಂಟಿಮೀಟರ್ ಕೊರತೆ. ಟೈರಿನ ಅಂಚಿನೊಳಗಿನ ತಂತಿ ಹಿಗ್ಗುವುದಿಲ್ಲ. ಹುಡುಗ ಲಿವರ್ ಹಾಕಿ ಮೀಟುತ್ತಾನೆ, ತಂತಿ ಬಾಗುತ್ತದೆ, ಟೈರ್ ಕಸಕ್ಕೆ. ಆದರೆ ಇದು ಹತ್ತುವುದೇ ಇಲ್ಲವಾದ್ದರಿಂದ ತಪ್ಪು ಅಲ್ಲೇ ಗೊತ್ತಾಗುತ್ತದೆ. ನಿಜವಾದ ಮೋಸ 26ರಲ್ಲಿ. 559, 584, 590, ಮೂರಕ್ಕೂ 26 ಅಂತಲೇ ಹೆಸರು! 590ರ ಟೈರು 584ರ ರಿಮ್ಮಿಗೆ ಸಲೀಸಾಗಿ ಹತ್ತುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಗಾಳಿ ಬಿಗಿಯಾಗಿ ತುಂಬಿಸಿದ ದಿನ ಅಂಚು ಜಾರಿ, ಟ್ಯೂಬ್ ಹೊರಬಂದು ಢಂ ಅನ್ನುತ್ತದೆ.

ಹಾಗಾಗಿ ವಿಮಾನ ಹತ್ತುವ ಮುಂಚೆ, ನಿಮ್ಮಲ್ಲಿ ಹೆಚ್ಚು ಓಡುವ ಟೈರುಗಳ ಪಕ್ಕ ಓದಿ. "40-635" ಅಂತಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ನಮಗೆ ಬೇಕಾದದ್ದು. ಸವೆದಿದ್ದರೆ ಸೀಮೆಸುಣ್ಣ ಉಜ್ಜಿ, ಅಕ್ಷರ ಎದ್ದು ಕಾಣುತ್ತದೆ. ಅದೂ ಇಲ್ಲವಾದರೆ ಟೈರ್ ಬಿಚ್ಚಿ, ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಮೆಟ್ಟಿಲಿನ ಸುತ್ತ ತೆಳು ಉಕ್ಕಿನ ಟೇಪು ಸುತ್ತಿ. ನಡುವಿನ ತಗ್ಗಿಗೆ ಟೇಪು ಇಳಿದರೆ ಅಳತೆ ಕಡಿಮೆ ಬರುತ್ತದೆ, ಜೋಪಾನ. ಸುತ್ತಳತೆ 1995 ಮಿ.ಮೀ. ಬಂದರೆ ವ್ಯಾಸ 635, 1954 ಬಂದರೆ 622. ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, ಚೀಟಿ ತೋರಿಸಿ.

ಸಮಯ ಕಡಿಮೆಯಿದೆ ಅಂತ ಸ್ಟುಡಿಯೋದವರು ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ವಿಸಿಟಿಂಗ್ ಕಾರ್ಡು ಎರಡೂ ಕೈಯಿಂದ ಕೊಡಿ. ನೀವು ಕಾರ್ಖಾನೆಯವರೋ, ವ್ಯಾಪಾರಿಗಳೋ ಅಂತ ಮೊದಲೇ ಕೇಳಿ. ಎಫ್‌ಓಬಿ ದರ ಅಂದರೆ ಅವರ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾತ್ರ. ಹಡಗಿನ ಬಾಡಿಗೆ, ವಿಮೆ, ಸುಂಕ, ಇಲ್ಲಿನ ಲಾರಿ ಎಲ್ಲ ನಿಮ್ಮದೇ. ಕನಿಷ್ಠ ಎಷ್ಟು ಆರ್ಡರ್ ಅಂತ ಕೇಳದೆ ದರ ಚೌಕಾಸಿ ಮಾಡುವುದು ದಂಡ. ಸ್ಯಾಂಪಲ್ ತರಿಸಿ ರಿಮ್ಮಿಗೆ ಹಾಕಿ ನೋಡುವವರೆಗೆ ಮುಂಗಡ ಬೇಡ, ಅವರು ಮೊದಲೇ ಕೊಡುವ ಅಂದಾಜು ಬಿಲ್ಲು, ಅಂದರೆ ಪ್ರೊಫಾರ್ಮಾದಲ್ಲಿ ಮಿಲಿಮೀಟರ್ ಇಲ್ಲದಿದ್ದರೆ ಸಹಿಯೂ ಬೇಡ.

ಬಿಬಿ ಕಪ್ಪು, ಅಂದರೆ ಪೆಡಲ್ ತಿರುಗುವ ಅಚ್ಚಿನ ಬೇರಿಂಗನ್ನು ಫ್ರೇಮಿನಲ್ಲಿ ಹಿಡಿದಿಡುವ ತಿರುಪಿನ ಬಟ್ಟಲು, ಅದರ ಕಥೆ ಇನ್ನೊಂದು ದೊಡ್ಡ ರಾಮಾಯಣ. ಸದ್ಯಕ್ಕೆ ಇಷ್ಟು: ಇಂಗ್ಲಿಷ್ ತಿರುಪಿನದಾದರೆ ಬಲಗಡೆಯ ಕಪ್ಪು ಉಲ್ಟಾ ಬಿಗಿಯಾಗುತ್ತದೆ, ಇಟಾಲಿಯನ್ ಆದರೆ ಎರಡೂ ಕಡೆ ನೇರ. ಯಾವುದು ಅಂತ ಬರೆಸಿಕೊಂಡೇ ಸ್ಟಾಲಿನಿಂದ ಹೊರಡಿ. ನಮಸ್ಕಾರ.